ಸೊಟ್ಟತ್ತಿಗೆ

ಅಂದು ಬೆಳಿಗ್ಗೆ ಮಳೆಯಿರಲಿಲ್ಲ, ಬರೀ ಗಾಳಿ. ಹೊಳೆಯ ಮೇಲ್ಗಡೆಯಿಂದ ಒಂದೇ ಸಮನೆ ಬೀಸಿ, ಕಡವಿನಲ್ಲಿ ಕಟ್ಟಿದ್ದ ದೋಣಿಗಳನ್ನು ಒಂದಕ್ಕೊಂದು ಗುದ್ದಾಡಿಸುತ್ತಿತ್ತು.

ಆ ಅಂಬಿಗರ ಮನೆಯಲ್ಲಿ ದೋಣಿಗಳಿಗೆ ಮನೆಮಂದಿಯ ಹೆಸರೇ. ಇಡುವ ಹಕ್ಕು ಹಿರಿಯರದು. ಅಣ್ಣ ತೀರಿಕೊಂಡ ಮೇಲೆ ಅದು ಅತ್ತಿಗೆಗೆ ಸಲ್ಲಬೇಕಿತ್ತು. ಮೈದುನ ಕೇಳಲೂ ಇಲ್ಲ. ಹೊಸ ದೋಣಿ ಹೇಗೆ ಹುಟ್ಟು ಹಾಕಿದರೂ ಎಡಕ್ಕೇ ಎಳೆಯುತ್ತದೆಂದು ಗೊತ್ತಾದ ದಿನ, ನಗುತ್ತ ಅದರ ಮೂತಿಗೆ ‘ಸೊಟ್ಟತ್ತಿಗೆ’ ಎಂದು ಬರೆದುಬಿಟ್ಟ.

“ಅವಳೂ ಹಾಗೇ ಅಲ್ವಾ? ಬಲ ಅಂದ್ರೆ ಎಡ ಅಂತಾಳೆ.”

ಅಂದಿನಿಂದ ಕಡವಿಗೆಲ್ಲ ಅದೇ ಚೇಷ್ಟೆ: “ಸೊಟ್ಟತ್ತಿಗೆಗೆ ಇವತ್ತು ಯಾರ ಮೇಲೆ ಮುನಿಸು?” ಅತ್ತಿಗೆ ಕೇಳಿಯೂ ಕೇಳದಂತಿರುತ್ತಿದ್ದಳು. ಈ ಮನೆಗಾಗಿ ಜೀವ ತೇಯ್ದವಳಿಗೆ ಉಳಿದ ಹೆಸರು ಇದೇನಾ ಎಂದು ದೇವರೊಬ್ಬನನ್ನೇ ಕೇಳುತ್ತಿದ್ದಳು.

ಆ ಗಾಳಿಯಲ್ಲೇ ಆಚೆ ದಡದಿಂದ ಕೆಂಪು ಬಟ್ಟೆ ಬೀಸಿದರು. ಹೆರಿಗೆ ನೋವು, ಸೂಲಗಿತ್ತಿ ಬೇಕು. ಮೈದುನ ಈಚೆ ದಡದ ಸೂಲಗಿತ್ತಿಯನ್ನು ಕೂರಿಸಿಕೊಂಡು ‘ಅಜ್ಜಯ್ಯ’ ಎಂಬ ಹಳೆಯ ದೋಣಿಯನ್ನು ನೀರಿಗಿಳಿಸಿದ. ಗಾಳಿ ದೋಣಿಯನ್ನು ಬಲಗಡೆಯ ಬಂಡೆಗಳತ್ತ ನೂಕಿತು. ಹೇಗೋ ತಿರುಗಿಸಿಕೊಂಡು ಏದುಸಿರು ಬಿಡುತ್ತ ಮರಳಿ ಬಂದ.

“ನನ್ನ ಹೆಸರಿನದನ್ನ ಬಿಚ್ಚು,” ಎಂದಳು ಅತ್ತಿಗೆ.

“ಅದು ನೆಟ್ಟಗೆ ಹೋಗಲ್ಲ, ಅತ್ತಿಗೆ!”

“ಗಾಳಿ ನೆಟ್ಟಗಿದೆಯಾ? ಅದು ಬಲಕ್ಕೆ ತಳ್ಳಲಿ, ಇದು ಎಡಕ್ಕೆ ಎಳೀಲಿ. ಇಬ್ಬರು ಹಠಮಾರಿಗಳ ನಡುವೆ ನಾವು ನೆಟ್ಟಗೆ ಹೋಗ್ತೀವಿ. ನೀನು ಹುಟ್ಟು ಹಾಕು, ಬಾಯಿ ಹಾಕಬೇಡ.”

“ಮಗು ಕಾಯಲ್ಲ, ಜಗಳ ಆಮೇಲಾಡಿ,” ಎಂದು ಸೂಲಗಿತ್ತಿ ಹತ್ತಿ ಕೂತೇಬಿಟ್ಟಳು.

ಚುಕ್ಕಾಣಿ ಅತ್ತಿಗೆಯ ಕೈಯಲ್ಲಿ. ಭಗವಂತ ಒಂದು ಕಡೆಯಿಂದ ತಳ್ಳುವಾಗ ಇನ್ನೊಂದು ಕಡೆ ಭುಜವನ್ನೂ ಕೊಟ್ಟಿರುತ್ತಾನೆ. ನಮಗೆ ಅದು ಊನವೆಂದು ಕಾಣುತ್ತದೆ, ಅಷ್ಟೆ. ದೋಣಿ ದಾರ ಹಿಡಿದು ಗೆರೆ ಎಳೆದಂತೆ ಸಾಗಿ ಆಚೆ ದಡ ಮುಟ್ಟಿತು. ನಡುಹಗಲಿಗೆ ಮಗುವಿನ ಅಳು ಕೇಳಿ ಇಡೀ ದಡ ಹೋ ಎಂದಿತು.

ಗಾಳಿ ಇಳಿದ ಮೇಲೆ ಮರಳಿದರೆ ಈಚೆ ಕಡವಿನಲ್ಲಿ ಜನವೋ ಜನ. “ನಾನು ಸೊಟ್ಟತ್ತಿಗೇಲೇ ಬರೋದು! ನೆಟ್ಟಗಿರೋರ ಸಹವಾಸ ಸಾಕು!” ಎಂದು ಮುದುಕನೊಬ್ಬ ಎಲ್ಲರನ್ನೂ ತಳ್ಳಿಕೊಂಡು ಬಂದ. ಅತ್ತಿಗೆ ಸೆರಗು ಜಾರಿದ್ದೂ ತಿಳಿಯದೆ ಗಟ್ಟಿಯಾಗಿ ನಕ್ಕಳು.

ಜನ ಕರಗಿದ ಮೇಲೆ ಮೈದುನ ದೋಣಿಯ ಮೂತಿಯ ಬಳಿಗೆ ಬಣ್ಣದ ಡಬ್ಬಿ ತಂದ. ಕುಂಚ ಅದ್ದಿ, ಅಂಚಿಗೆ ಒರೆಸಿ, ಹಿಡಿಯನ್ನು ಅತ್ತಿಗೆಯತ್ತ ತಿರುಗಿಸಿ, ಅವಳ ಕೈಯಲ್ಲಿಟ್ಟ.