ಸದ್ಯಮ್ಮ

“ಎಡಕ್ಕೆ ಎಳ್ಕೊಳ್ರೀ... ಇನ್ನೂ ಸ್ವಲ್ಪ... ಗೋಡೆ, ಗೋಡೆ!”

ಮೆಟ್ಟಿಲು ತಿರುಗುವ ಕಡೆ ಶವಪೆಟ್ಟಿಗೆ ಸಿಕ್ಕಿಕೊಂಡಿತ್ತು. ಹೊತ್ತ ನಾಲ್ವರೂ ಬೆವರುತ್ತಿದ್ದರು. ಮುಂದಿನ ತುದಿ ಹಿಡಿದಿದ್ದ ಅಳಿಯ ಒಂದು ಮೆಟ್ಟಿಲು ಕೆಳಗಿಳಿದು, ಭುಜ ತಗ್ಗಿಸಿ, ಪೆಟ್ಟಿಗೆಯನ್ನು ಓರೆ ಮಾಡಿದ. ಅದು ಗೋಡೆಯ ಸುಣ್ಣ ಕೆರೆದುಕೊಂಡು ಪಾರಾಯಿತು.

“ಸದ್ಯ!” ಎಂದ ಹಿಂದಿದ್ದ ತರಕಾರಿ ಅಂಗಡಿಯವನು. ಅಂದವನೇ ನಾಲಿಗೆ ಕಚ್ಚಿಕೊಂಡ. ಮೇಲಿನ ಮೆಟ್ಟಿಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ, ಸತ್ತವಳ ಗಂಡನೂ ಸೇರಿ, ನಕ್ಕುಬಿಟ್ಟರು. ಮಗಳು ಮಾತ್ರ ನಗಲಿಲ್ಲ.

ಆ ಕಟ್ಟಡದಲ್ಲಿ ಸತ್ತವಳಿಗೆ ಇದ್ದ ಹೆಸರೇ ಸದ್ಯಮ್ಮ. ನಲ್ಲಿಯಲ್ಲಿ ನೀರು ಬಂದರೆ “ಸದ್ಯ, ಬಂತು.” ಬಸ್ಸು ತಪ್ಪಿದರೆ “ಸದ್ಯ, ಕಾಲಿದೆ.” ಮನೆಗಳಿಗೆ ಬಣ್ಣ ಬಳಿಯುತ್ತಿದ್ದ ಗಂಡ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಾಗ “ಸದ್ಯ, ಎಡಗಾಲು.” ಪ್ರತಿ ಸಲವೂ ಕತ್ತೆತ್ತಿ ದೇವರಿಗೆ ಕೈ ಮುಗಿಯುತ್ತಿದ್ದಳು, ಮೇಲಿನ ಮಹಡಿಯವರನ್ನು ಮಾತಾಡಿಸುವವಳ ಹಾಗೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಅಲ್ಲಿನ ಬಿಸಿಯನ್ನೂ ಅವಳು ಬಿಟ್ಟಿರಲಿಲ್ಲ: “ಸದ್ಯ, ಚಳಿಗಾಲದಲ್ಲಿ ನಮ್ಮಷ್ಟು ಸುಖಿಗಳು ಯಾರಿದ್ದಾರೆ!”

ಕೆಳಗೆ ವ್ಯಾನಿನ ಹಿಂಬಾಗಿಲು ತೆರೆದಿತ್ತು. ಪೆಟ್ಟಿಗೆ ಒಳಗೆ ಹೋಯಿತು.

*

ಮಗಳು ಅಮ್ಮನೊಡನೆ ಮನಸ್ಸು ಮುರಿದುಕೊಂಡದ್ದು ಅದೇ ಒಂದು ಮಾತಿಗೆ.

ಅವಳ ಮೊದಲ ಹೆರಿಗೆ ಆದದ್ದು ಅದೇ ಆಸ್ಪತ್ರೆಯಲ್ಲಿ. ಕೂಸು ಅಳಲಿಲ್ಲ. ಹೆಣ್ಣು ಕೂಸು, ತಲೆತುಂಬ ಕೂದಲು. ಸುದ್ದಿ ತಿಳಿದ ಅಮ್ಮ ಕೆಲಸದ ಬಟ್ಟೆಯಲ್ಲೇ ಓಡಿ ಬಂದಿದ್ದಳು, ತೋಳು ಮೊಣಕೈವರೆಗೆ ಒದ್ದೆ. ಮಗಳ ಹಣೆ ಮುಟ್ಟಿ ನೋಡಿ, ಕತ್ತೆತ್ತಿ, “ಸದ್ಯ, ನೀನು ಉಳಿದೆ. ದೇವರು ದೊಡ್ಡೋನು” ಎಂದಳು.

ಮಗಳು ಗೋಡೆಯ ಕಡೆ ತಿರುಗಿದಳು. “ಹೊರಗೆ ಹೋಗಮ್ಮ.”

ಅಮ್ಮ ಹೋದಳು.

ಆಮೇಲೆ ಜಗಳವೇನೂ ಆಗಲಿಲ್ಲ. ಅಮ್ಮ ಬಂದರೆ ಮಗಳು “ಬಾ, ಕೂತ್ಕೋ, ಊಟ ಆಯ್ತಾ?” ಎನ್ನುತ್ತಿದ್ದಳು, ದೂರದ ನೆಂಟರಿಗೆ ಕೇಳಿದ ಹಾಗೆ. ಎರಡನೆಯ ಮಗು ಹುಟ್ಟಿದ ಮೇಲೂ ಅದು ಬದಲಾಗಲಿಲ್ಲ. ಕೊನೆಯ ಕಾಯಿಲೆಯಲ್ಲಿ ಅಮ್ಮನಿಗೆ ಗಂಜಿ ಕುಡಿಸಿದವಳು, ಮೈ ಒರೆಸಿದವಳು ಅವಳೇ. ಸೇವೆಯಲ್ಲಿ ಕೊರತೆ ಇರಲಿಲ್ಲ. ಮನಸ್ಸಿನ ಮಾತು ಮಾತ್ರ ಆಡಲಿಲ್ಲ.

*

ಮಣ್ಣು ಮಾಡಿ ಮುಗಿಯಿತು. ವಾಪಸು ಬರುವಾಗ ಅಮ್ಮನ ಜೊತೆ ಕೆಲಸ ಮಾಡಿದ್ದ ಇಸ್ತ್ರಿ ಅಕ್ಕ ಮಗಳ ಪಕ್ಕ ಕೂತಳು. ಮುಂದಿನ ಸೀಟಿನಲ್ಲಿ ಅಪ್ಪ ಮತ್ತು ಅಳಿಯ.

“ಎಲ್ಲರೂ ನಕ್ಕರು, ನೀನು ನಗಲಿಲ್ಲ,” ಎಂದಳು ಇಸ್ತ್ರಿ ಅಕ್ಕ.

“ನನಗೆ ನಗು ಬರಲಿಲ್ಲ ಅಕ್ಕ. ನನ್ನ ಕೂಸು ಹೋದಾಗಲೂ ಅವಳು ಅದನ್ನೇ ಅಂದಿದ್ದು.”

“ಗೊತ್ತು.” ಇಸ್ತ್ರಿ ಅಕ್ಕ ಅವಳ ಹತ್ತಿರಕ್ಕೆ ಸರಿದು ಕೂತಳು. “ಅವತ್ತು ನಿನ್ನ ಹತ್ರದಿಂದ ಇಳಿದು ಬಂದಳಲ್ಲ, ಸೀದಾ ದೊಡ್ಡ ಮಷೀನಿನ ಹಿಂದೆ ಹೋದಳು. ಆ ಸದ್ದಲ್ಲಿ ಯಾರಿಗೂ ಕೇಳಿಸಲ್ಲ ಅಂದ್ಕೊಂಡಿದ್ದಳು. ನಾನು ಅಲ್ಲೇ ಚಾದರ ತಗೊಳ್ತಿದ್ದೆ.”

“ಏನಂದಳು?”

“ಬೈದಳು. ದೇವರನ್ನ. ಬೀದಿ ಜಗಳದಲ್ಲೂ ಅಂಥ ಬೈಗುಳ ನಾನು ಕೇಳಿಲ್ಲ. ಬೈದು ಬೈದು ಸುಸ್ತಾಗಿ ಮೈಲಿಗೆ ಬಟ್ಟೆ ರಾಶಿ ಮೇಲೆ ಕೂತುಬಿಟ್ಟಳು. ಆಮೇಲೆ ಮೇಲೆ ನೋಡಿ, ‘ಮಗಳನ್ನ ಬಿಟ್ಟಿದೀಯ. ಅದಕ್ಕೆ ಕೈ ಮುಗೀತೀನಿ. ಅದಕ್ಕೆ ಮಾತ್ರ’ ಅಂದಳು.”

ವ್ಯಾನು ಒಂದು ಹಳ್ಳ ಹಾರಿ ಇಳಿಯಿತು.

“ನನಗ್ಯಾಕೆ ಹೇಳಲಿಲ್ಲ?”

“ನಾನೂ ಕೇಳಿದ್ದೆ. ‘ಅವಳು ದೇವರ ಜೊತೆ ಮಾತು ಬಿಟ್ಟಿದಾಳೆ. ಮನೇಲಿ ಒಬ್ಬರಾದ್ರೂ ಅವನ ಹತ್ರ ಚೆನ್ನಾಗಿರ್ಬೇಕಲ್ಲ’ ಅಂದಳು. ಬಾಯಿಬಿಡಬೇಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಳು. ಇವತ್ತು ಆಣೆ ತಪ್ಪಿದೆ, ನೋಡು.”

ಮಗಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಶಾಲೆ ಬಿಟ್ಟಿತ್ತು, ರಸ್ತೆ ತುಂಬ ಮಕ್ಕಳು. ಮುಖ ತಿರುಗಿಸದೆಯೇ ಕೇಳಿದಳು:

“ಏನಂತ ಬೈದಳು?”

“ಛೀ, ಇಂಥ ದಿನ ಅದೆಲ್ಲ ನನ್ನ ಬಾಯಲ್ಲಿ ಬರಲ್ಲ ಕಣೇ.”

“ಹೇಳಿ ಅಕ್ಕ.”

ಇಸ್ತ್ರಿ ಅಕ್ಕ ಮುಂದಿನ ಸೀಟಿನ ಕಡೆ ಒಮ್ಮೆ ನೋಡಿ, ಬಾಗಿ, ಮಗಳ ಕಿವಿಯಲ್ಲಿ ಹೇಳಿದಳು. ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವಳ ಮೈ ಕುಲುಕತೊಡಗಿದಾಗ ಅಳಿಯ ಅಳುವೆಂದುಕೊಂಡು ಗಾಬರಿಯಿಂದ ತಿರುಗಿ ನೋಡಿದ. ಇಸ್ತ್ರಿ ಅಕ್ಕ ಏನಿಲ್ಲವೆಂದು ಕೈಸನ್ನೆ ಮಾಡಿದಳು.

ಮನೆಗೆ ಬಂದವರು ಒಬ್ಬೊಬ್ಬರಾಗಿ ಹೊರಟರು. ಬೆಳಿಗ್ಗೆ ಮಗಳು ಅಮ್ಮನ ಹಾಸಿಗೆಯ ಚಾದರ ಒಗೆದು ಬಾಲ್ಕನಿಯಲ್ಲಿ ಹರವಿದ್ದಳು. ಈಗ ಅದನ್ನು ತೆಗೆದು ಮಡಿಸಲು ನೋಡಿದಳು. ಒಬ್ಬಳಿಗೆ ದೊಡ್ಡದಾಯಿತು, ಅಂಚು ನೆಲಕ್ಕೆ ತಾಗುತ್ತಿತ್ತು. ಅಪ್ಪ ಕುಂಟುತ್ತ ಬಂದು ಇನ್ನೊಂದು ತುದಿ ಹಿಡಿದ. ಇಬ್ಬರೂ ಜಗ್ಗಿದರು, ಕೊಡವಿದರು, ಮಡಿಸಿದರು. ಅಪ್ಪ ತನ್ನ ತುದಿ ಹಿಡಿದು ಅವಳತ್ತ ನಡೆದು ಬಂದ. ಮೂಲೆಗೆ ಮೂಲೆ ಕೂಡಿತು. ಅವಳು ಕೈ ಚಾಚಿ ಹಿಡಿದುಕೊಂಡಳು, ಅಪ್ಪ ಬಿಡಲಿಲ್ಲ. ಇಬ್ಬರೂ ಹಾಗೇ ನಿಂತರು. ಬಟ್ಟೆಯಲ್ಲಿ ಬಿಸಿಲಿನ ಕಾವು ಇನ್ನೂ ಆರಿರಲಿಲ್ಲ.