ಆಮೆ ತೋರಿಸುವವನ ಮಾಸ್ಕ್

ಮುಕಾಂಬು ನನ್ನನ್ನು ತೊಳೆಯುತ್ತಿದ್ದಳು. ಮೊದಲು ಬಾವಿನೀರಿನ ಬಕೆಟ್ಟಿನಲ್ಲಿ ಅದ್ದಿ ಉಪ್ಪು ಬಿಡಿಸಿದಳು. ಆಮೇಲೆ ಗಾಜಿನ ಒಳಮೈಗೆ ಚೂರು ಟೂತ್‌ಪೇಸ್ಟ್ ಹಚ್ಚಿ ಹೆಬ್ಬೆರಳಿನಿಂದ ಉಜ್ಜಿ, ಮತ್ತೆ ತೊಳೆದು ನೆರಳಿನಲ್ಲಿಟ್ಟಳು. ನೀರಿಗಿಳಿದಾಗ ಗಾಜು ಮಬ್ಬಾಗಬಾರದೆಂದು ದಿನವೂ ಇಷ್ಟು ಕೆಲಸ. ಗಾಜು ಎಷ್ಟು ಹೊಳೆದರೂ ಅಪ್ಪನ ಕಣ್ಣು ಮಬ್ಬೇ ಎಂಬುದು ಊರಿನಲ್ಲಿ ಅಪ್ಪನಿಗೆ, ಮಗಳಿಗೆ ಮತ್ತು ನನಗೆ ಮಾತ್ರ ಗೊತ್ತಿತ್ತು.

ನಾನು ಒಂದು ಮಾಸ್ಕ್. ಬಾಯಿ ಮುಚ್ಚುವಂಥದ್ದಲ್ಲ, ಕಡಲೊಳಗೆ ಕಣ್ಣು ಬಿಟ್ಟು ನೋಡಲು ಕಟ್ಟಿಕೊಳ್ಳುವಂಥದ್ದು. ಎಲ್ಲೋ ದೂರದ ಕಾರ್ಖಾನೆಯಲ್ಲಿ ಬಿಸಿ ಅಚ್ಚಿನಿಂದ ಹೊರಬಿದ್ದಾಗ ನನ್ನ ಅಂಚು ಎಳನೀರಿನ ಗಂಜಿಯಂತೆ ಮೆತ್ತಗಿತ್ತು. ಅಲ್ಲಿಂದ ಕುಂದಾಪುರದಾಚೆಯ ಒಂದು ಕಡಲತಡಿಗೆ, ಗಣಪತಿಯವರ ಡೈವಿಂಗ್ ಅಂಗಡಿಗೆ ಬಂದೆ. ಎರಡು ವರ್ಷ ಊರೂರಿನ ಮುಖಗಳನ್ನು ಹೊತ್ತೆ. ಪೌಡರಿನ ಮುಖ, ಬೆವರಿನ ಮುಖ, ಹೆದರಿದ ಮುಖ. ದಪ್ಪ ಮೀಸೆಯವರು ಬಂದರೆ ನನಗೆ ಅವಮಾನ. ಮೀಸೆಯ ಸಂದಿಯಿಂದ ನೀರು ನುಗ್ಗುತ್ತಿತ್ತು, ಬೈಗುಳ ನನಗೆ ಬೀಳುತ್ತಿತ್ತು. ಕಡೆಗೆ ಪಟ್ಟಿ ಹರಿದಾಗ ಗಣಪತಿಯವರು ನನ್ನನ್ನು ಮುಕಾಂಬುವಿನ ಅಪ್ಪ ದುರ್ಗಯ್ಯನ ಕೈಗೆ ಹಾಕಿದರು.

ದುರ್ಗಯ್ಯ ಮೂವತ್ತು ವರ್ಷ ಬರಿಗಣ್ಣಿನಲ್ಲಿ ಮುಳುಗಿ ಬಂಡೆಯಿಂದ ಪಚ್ಚಿಲೆ ಚಿಪ್ಪು ಕಿತ್ತವನು. ಹರಿದ ಪಟ್ಟಿಗೆ ಬಲೆಯ ದಾರ ಹೊಲಿದು ನನ್ನನ್ನು ಕಟ್ಟಿಕೊಂಡ. ಆ ದಿನ ಬಂಡೆಯ ಪಾಚಿ ಮೇಯುತ್ತಿದ್ದ ಆಮೆಯೊಂದು ತಲೆಯೆತ್ತಿ ನಮ್ಮತ್ತ ನೋಡಿತು. ಮೇಲೆ ಬಂದವನೇ ಮಗಳಿಗೆ ಕೂಗಿದ: "ಹೆಣೆ, ಅದ್ರ ಕಣ್ಣ್ ಕಾಣ್! ನಮ್ಮ ಅಜ್ಜಿ ಕಣ್ಣ್ ಇದ್ದಾಂಗಿತ್ತ್!"

ಏಳನೇ ತರಗತಿಗೇ ಶಾಲೆ ಬಿಟ್ಟ ಮುಕಾಂಬು ದಡದಲ್ಲಿ ನಿಂತು ನಕ್ಕಳು. ಇಪ್ಪತ್ತೆರಡರ ಹೆಣ್ಣು, ಮಾತು ಕಡಿಮೆ, ನೋಟ ಹೆಚ್ಚು.

ಅಂದಿನಿಂದ ದಡದ ಬಂಡೆಗಳ ಪಕ್ಕದಲ್ಲೇ ಇಳಿದು ಪ್ರವಾಸಿಗರಿಗೆ ಆಮೆ ತೋರಿಸುವುದು ದುರ್ಗಯ್ಯನ ಕೆಲಸವಾಯಿತು. ಆಮೆ ಕಂಡರೆ ದುರ್ಗಯ್ಯ. ಕಾಣದಿದ್ದರೆ ನಾಳೆ ಬೇರೆಯವನು. ಅಂಗಡಿಯ ನಿಯಮ ಅಷ್ಟೇ.

ಆ ಕೆಲಸದ ಮೂರನೇ ವರ್ಷ ನನ್ನ ಗಾಜಿನ ಹಿಂದಿದ್ದ ದುರ್ಗಯ್ಯನ ಕಣ್ಣುಗಳು ಆಮೆಯನ್ನು ಕಾಣದೆ ದಾಟಿ ಹೋಗತೊಡಗಿದವು. ಕಣ್ಣಿನ ನರ ಒಣಗುತ್ತಿದೆ, ಮದ್ದಿಲ್ಲ ಎಂದರು ಡಾಕ್ಟರು. ದಡದ ಕಲ್ಲುಗಳೆಲ್ಲ ಕಾಲಿಗೆ ಗೊತ್ತಿದ್ದುದರಿಂದ ಊರಿಗೆ ತಿಳಿಯಲಿಲ್ಲ. ನೀರಿನಲ್ಲಿ ಮಾತ್ರ ಮುಕಾಂಬು ಒಂದು ಹಳೆಯ ಮಾಸ್ಕ್ ಕಟ್ಟಿಕೊಂಡು ಜೊತೆಗೆ ಈಜತೊಡಗಿದಳು. ಅಪ್ಪನ ಮಣಿಕಟ್ಟಿನಿಂದ ಮಗಳ ಮಣಿಕಟ್ಟಿಗೆ ತೆಳ್ಳನೆಯ ನೈಲಾನ್ ಹಗ್ಗ. ಒಂದು ಎಳೆತಕ್ಕೆ ಎಡ, ಎರಡಕ್ಕೆ ಬಲ, ಮೂರಕ್ಕೆ ಕೆಳಗೆ. ಅವನು ಕೈ ಚಾಚುತ್ತಿದ್ದ. ಅಲ್ಲಿ ಆಮೆ ಇರುತ್ತಿತ್ತು. "ದುರ್ಗಣ್ಣನ ಕಣ್ಣು ಹದ್ದಿನ ಕಣ್ಣು" ಎಂದು ಜನ ಹೊಗಳುವಾಗ ಮುಕಾಂಬು ತಲೆ ತಗ್ಗಿಸಿ ಕೂದಲು ಹಿಂಡುತ್ತಿದ್ದಳು.

ಜನವರಿಯ ಒಂದು ಬೆಳಿಗ್ಗೆ ದಾವಣಗೆರೆಯ ನಾಲ್ವರು ಲಾರಿಯವರು ಬಂದರು. ನೀರು ತಿಳಿಯಾಗಿತ್ತು. ಬಲಗಡೆ, ಬಂಡೆಯ ಬುಡದಲ್ಲಿ, ಹರಕು ಬಲೆಗೆ ಕತ್ತು ಸಿಕ್ಕಿಸಿಕೊಂಡ ಆಮೆಯೊಂದು ಒದ್ದಾಡುತ್ತಿತ್ತು. ನಾನೂ ಕಂಡೆ, ಮುಕಾಂಬುವೂ ಕಂಡಳು. ಉಸಿರಿಗೆ ಮೇಲೆ ಬರಲಾರದೆ ಅದರ ರೆಕ್ಕೆಗಾಲುಗಳು ಸೋಲುತ್ತಿದ್ದವು. ಹಗ್ಗ ಅಲ್ಲಿಗೆ ಮುಟ್ಟದು. ಮುಕಾಂಬು ಒಂದು ಗಳಿಗೆ ಅಪ್ಪನತ್ತ ನೋಡಿದಳು. ಹಗ್ಗ ಕಳಚಿದಳು. ಸೊಂಟದ ಚೂರಿ ಹಿಡಿದು ಮುಳುಗಿದಳು.

ಬಿಟ್ಟ ಹಗ್ಗವನ್ನು ತೆರೆ ಎಳೆಯಿತು. ಒಂದು, ಎರಡು, ಮೂರು. ದುರ್ಗಯ್ಯ ದೊಡ್ಡ ಭರವಸೆಯಿಂದ ಕೆಳಗೆ ಕೈ ತೋರಿಸಿದ. ನನಗೆ ಕಾಣುತ್ತಿತ್ತು, ಹೇಳಲು ಬಾಯಿ ಇರಲಿಲ್ಲ.

ಆ ನಾಲ್ವರಲ್ಲಿ ಮುಳುಗಿ ಮೇಲೆ ಬಂದವನೊಬ್ಬ ಬಾಯಿಂದ ಉಸಿರಿನ ಕೊಳವೆ ತೆಗೆದು ನಕ್ಕ. "ಅಣ್ಣಾ, ಅದು ಟೈರು ಕಣಣ್ಣಾ! ನಮ್ಮ ಲಾರೀದೇ ಇರ್ಬೇಕು, ನೋಡ್ರಪ್ಪೋ!"

ಎಲ್ಲರೂ ನಕ್ಕರು. ದುರ್ಗಯ್ಯ ಹಗ್ಗವನ್ನು ಎಳೆದುಕೊಂಡ. ಖಾಲಿ ತುದಿ ಕೈಗೆ ಬಂತು. ಆಚೆ ಬಂಡೆಯ ಮರೆಯಲ್ಲಿ, ಬಲೆಯಿಂದ ಬಿಡುಗಡೆಯಾದ ಆಮೆ ಮೂಗು ಎತ್ತಿ ಉಸಿರೆಳೆದು ಹೋದದ್ದನ್ನು ನಕ್ಕವರು ಯಾರೂ ನೋಡಲಿಲ್ಲ.

ಮನೆಗೆ ಬಂದ ಮೇಲೆ ದುರ್ಗಯ್ಯ ಕೇಳಿದ: "ಎಂತಕ್ಕೆ ಬಿಟ್ಟೆ?"

"ಆಮೆಗೆ ಉಸ್ರ್ ಕಟ್ಟಿತ್ತ್, ಅಪ್ಪಯ್ಯ."

"ನಂಗ್ ಕಟ್ಲಿಲ್ಯಾ?"

ಅವಳು ಒಲೆಗೆ ಸೌದೆ ನೂಕಿದಳು.

ಸಂಜೆ ಗಣಪತಿಯವರೇ ಬಂದರು. ಅಂಗಳದಲ್ಲಿ ನಿಂತೇ ಹೇಳಿದರು: "ದುರ್ಗಣ್ಣ, ನೀವಿನ್ ಮನೇಲ್ ಕೂಕಣಿ. ಹಗ್ಗದ್ ಸುದ್ದಿ ನಂಗೂ ಗೊತ್ತಾಯ್ತ್. ನಾಳೆಯಿಂದ ನಿಮ್ಮ ಹೆಣ್ಣೇ ಬರ್ಲಿ."

ಮುಕಾಂಬುಗೆ ಹೊಸ ನೀಲಿ ಮಾಸ್ಕ್ ಸಿಕ್ಕಿತು. ಅಪರಿಚಿತರೆದುರು ಬಾಯಿ ಬಿಡದವಳು ಈಗ ದಿನಕ್ಕೆ ಹತ್ತು ಜನರಿಗೆ ಹೇಗೆ ಉಸಿರಾಡಬೇಕೆಂದು ಹೇಳಿಕೊಡುತ್ತಾಳೆ. ಮನೆಯಲ್ಲಿ ಮಾತು ಇನ್ನಷ್ಟು ಕಡಿಮೆಯಾಗಿದೆ.

ನನ್ನ ಅಂಚು ಹಳದಿಯಾಗಿ ಗಡುಸಾಗಿದೆ, ಯಾವ ಮುಖಕ್ಕೂ ಸರಿಯಾಗಿ ಕೂರುವುದಿಲ್ಲ. ಆದರೂ ದುರ್ಗಯ್ಯ ಬೆಳಿಗ್ಗೆ ನನ್ನನ್ನು ಕಟ್ಟಿಕೊಂಡು ಮೊಣಕಾಲುದ್ದ ನೀರಿನಲ್ಲಿ ಕುಳಿತು ಮುಖ ಅದ್ದುತ್ತಾನೆ. ಪಾಚಿ, ಏಡಿ, ಬೆಳಕಿನ ಬಲೆ, ಎಲ್ಲವೂ ನನ್ನೊಳಗೆ ಬರುತ್ತವೆ, ನನ್ನಲ್ಲೇ ನಿಲ್ಲುತ್ತವೆ. ನೋಡುವುದಕ್ಕೆಂದೇ ಹುಟ್ಟಿದವನು ನಾನು. ನೋಡಿದ್ದನ್ನು ದಾಟಿಸಲಾರದೆ ಮುದಿಯಾದೆ.

ಇಂದು ಮುಕಾಂಬು ಆರು ಜನರನ್ನು ಕರೆದುಕೊಂಡು ನಮ್ಮ ಪಕ್ಕದಿಂದಲೇ ಇಳಿದಳು. ಅವಳ ನಡಿಗೆ ಅವನಿಗೆ ಗೊತ್ತು. ತಲೆಯೆತ್ತಿದ.

"ಹೆಣೆ, ನನ್ನನ್ನೂ ಒಂದ್ಸಲ ಕರ್ಕಂಡ್ ಹೋಗ್."

ಅವಳು ಆಗಲೇ ನೀರಿನೊಳಗೆ ಮುಖ ಅದ್ದಿಯಾಗಿತ್ತು.