ಅಲಾಸ್ಕವನ್ನು ಕುಗ್ಗಿಸಿದ ನಕಾಶೆ

ನಾನು ಒಂದು ಗೋಡೆ ನಕಾಶೆ. ಅಮೆರಿಕ ಸಂಯುಕ್ತ ಸಂಸ್ಥಾನವೆಲ್ಲ ನನ್ನ ಮೈಮೇಲಿದೆ. ಹುಬ್ಬಳ್ಳಿಯ ಒಂದು ಮುದ್ರಣಾಲಯದಲ್ಲಿ ಹುಟ್ಟಿದೆ. ಹುಟ್ಟುವಾಗಲೇ ಅನ್ಯಾಯವಾಯಿತು. ಅಲಾಸ್ಕ ಇರಬೇಕಾದದ್ದು ಕೆನಡಾದ ಆಚೆ, ವಾಯವ್ಯದ ಹಿಮದಲ್ಲಿ. ಅಷ್ಟು ಉದ್ದದ ಕಾಗದ ಯಾರು ಕೊಡುತ್ತಾರೆ? ಅದನ್ನು ಕುಗ್ಗಿಸಿ, ಎಡಗಡೆ ಕೆಳಗೆ, ಮೆಕ್ಸಿಕೊದ ಪಕ್ಕ ಒಂದು ಚೌಕದಲ್ಲಿ ಕೂರಿಸಿದರು. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ 'ಈ ಚೌಕದ ಅಳತೆ ಬೇರೆ' ಎಂದು ಅಚ್ಚು ಹಾಕಿ ಕೈತೊಳೆದುಕೊಂಡರು.

ಅಂಗಡಿಯಲ್ಲಿ ಎರಡು ವರ್ಷ ಧೂಳು ತಿಂದು, ಗದಗಿನ ಹತ್ತಿರದ, ಏಳನೇ ತರಗತಿವರೆಗಿನ ಒಂದು ಪ್ರಾಥಮಿಕ ಶಾಲೆಗೆ ಬಂದೆ. ಎಳೆದಾಡಿ ಎಳೆದಾಡಿ ಅಲಾಸ್ಕದ ಆ ಮೂಲೆಯೇ ಹರಿಯಿತು. ಜವಾನ ಗಂಗಾಧರಪ್ಪ ಮೈದಾ ಅಂಟು ಬಳಿದು ಬಟ್ಟೆಯ ಪಟ್ಟಿ ಹಚ್ಚಿದ, ಸರಿಯಾಗಿ ಆ ಸಣ್ಣ ಅಕ್ಷರಗಳ ಮೇಲೆಯೇ.

ಏಳನೇ ತರಗತಿಯ ಶಾಹಿನಾ ನದಾಫಳಿಗೆ ಅಲಾಸ್ಕದ ಹುಚ್ಚು. ಗ್ರಂಥಾಲಯದಲ್ಲಿ ಓದಿದ್ದನ್ನು ನನ್ನ ಮುಂದೆ ನಿಂತು ಗೆಳತಿಯರಿಗೆ ಹೇಳುತ್ತಿದ್ದಳು. ರಷ್ಯಾ ಅದನ್ನು 1867ರಲ್ಲಿ ಅಮೆರಿಕಕ್ಕೆ ಮಾರಿತಂತೆ; ಬರೀ ಹಿಮ ಕೊಂಡರೆಂದು ಜನ ನಕ್ಕರಂತೆ; ಆಮೇಲೆ ಬಂಗಾರ ಸಿಕ್ಕಿತು, ಎಣ್ಣೆಯೂ ಸಿಕ್ಕಿತು. ರಾಜಧಾನಿ ಜುನೋಗೆ ಹೊರಗಿನಿಂದ ರಸ್ತೆಯೇ ಇಲ್ಲ, ಹಡಗು ಹತ್ತಬೇಕು, ಇಲ್ಲವೇ ವಿಮಾನ. ನನ್ನನ್ನು ಅಷ್ಟು ಪ್ರೀತಿಯಿಂದ ನೋಡಿದವರು ಇನ್ನೊಬ್ಬರಿಲ್ಲ.

ತಾಲ್ಲೂಕು ರಸಪ್ರಶ್ನೆಗೆ ಏಳನೇ ತರಗತಿಯಿಂದ ಒಬ್ಬರೇ ಹೋಗಬೇಕಿತ್ತು. ಶಾಹಿನಾಳಿಗೂ ಸಹಪಾಠಿ ಮಹಾಂತೇಶನಿಗೂ ಸಮ ಅಂಕ. ಕೊಟಬಾಗಿ ಮಾಸ್ತರರು ಕೊನೆಯ ಪ್ರಶ್ನೆ ಕೇಳಿದರು: ಅಮೆರಿಕದ ಅತಿ ದೊಡ್ಡ ರಾಜ್ಯ ಯಾವುದು?

"ಟೆಕ್ಸಾಸ್ ರೀ," ಅಂದ ಮಹಾಂತೇಶ.

"ಅಲಾಸ್ಕಾ ರೀ ಸರ್," ಅಂದಳು ಶಾಹಿನಾ. "ನಮ್ಮ ಕರ್ನಾಟಕದಂಥಾವು ಎಂಟೊಂಬತ್ತು ಹಿಡಿತಾವ್ರಿ ಅದರಾಗ."

ಮಾಸ್ತರರು ಕೆಟ್ಟವರಲ್ಲ. ಸಂಶಯ ಬಂದರೆ ದಾರ ಹಿಡಿದು ನಕಾಶೆಯನ್ನೇ ಅಳೆಯುವುದು ಅವರ ಪದ್ಧತಿ. ಟೆಕ್ಸಾಸಿನ ಅಗಲಕ್ಕೆ ದಾರ ಹಿಡಿದರು. ಅದೇ ದಾರವನ್ನು ಚೌಕದೊಳಗಿನ ಅಲಾಸ್ಕದ ಮೇಲಿಟ್ಟರು. ಇನ್ನೂ ನಾಲ್ಕು ಬೆರಳು ದಾರ ಉಳಿಯಿತು.

"ನೋಡವಾ, ಅಳತಿ ಎಲ್ಲರೆ ಸುಳ್ಳ ಹೇಳತೈತೇನು?"

"ಪುಸ್ತಕದಾಗ ಐತ್ರಿ ಸರ್..."

"ನಕಾಶಿ ಕಣ್ಣ ಮುಂದ ಐತಲಾ!"

ಪಟ್ಟಿ ಕೀಳಿ ಸ್ವಾಮೀ, ಪಟ್ಟಿ ಕೀಳಿ! ನಾನು ಗೋಡೆಗೆ ಪಟಪಟ ಬಡಿದುಕೊಂಡೆ. ಗಾಳಿ ಜಾಸ್ತಿಯಾಯಿತೆಂದು ಕಿಟಕಿ ಮುಚ್ಚಿದರು. ಮೈತುಂಬ ಅಕ್ಷರ ಹೊತ್ತೂ ಒಂದು ಮಾತು ಆಡಲಾಗದ ಈ ಜನ್ಮಕ್ಕಿಷ್ಟು ಬೆಂಕಿ ಹಾಕ!

ರಸಪ್ರಶ್ನೆಗೆ ಮಹಾಂತೇಶ ಹೋದ, ಸೋತು ಬಂದ. ಅಲ್ಲಿ ಮೇಜಿನ ಮೇಲೊಂದು ಭೂಗೋಳವಿತ್ತಂತೆ. ಜೊತೆಗೆ ಹೋಗಿದ್ದ ಮಾಸ್ತರರು ಸುಮ್ಮನೆ ತಿರುಗಿಸಿದಾಗ ನಿಜವಾದ ಅಲಾಸ್ಕ ಕಣ್ಣಿಗೆ ಬಿದ್ದಿದೆ. ಮರುದಿನ ಬಂದವರೇ ನೀರು ಹಚ್ಚಿ ಪಟ್ಟಿ ಕಿತ್ತರು. ಓದಿದರು. ಆಮೇಲೆ ಶಾಹಿನಾಳನ್ನು ಎಲ್ಲರೆದುರು ಕರೆದರು.

"ತಪ್ಪು ನಂದವಾ. ನೀ ಹೇಳಿದ್ದ ಖರೆ. ಮುಂದಿನ ವರ್ಷ ನಿನ್ನ ಕಳಸ್ತೀನಿ."

"ಮುಂದಿನ ವರ್ಷ ನಾ ಈ ಸಾಲ್ಯಾಗ ಇರಂಗಿಲ್ಲಲ್ರೀ ಸರ್," ಅಂದಳು.

ಈಗ ಸಾಮಾನಿನ ಕೋಣೆಯಲ್ಲಿ, ಮುರಿದ ಬೆಂಚಿನ ಹಿಂದೆ ಸುರುಳಿಯಾಗಿ ಬಿದ್ದಿದ್ದೇನೆ. ಆ ಹುಡುಗಿ ಶಾಲೆ ಬಿಡುವವರೆಗೂ ಮತ್ತೆ ನನ್ನ ಮುಂದೆ ನಿಲ್ಲಲಿಲ್ಲ. ಮಾಸ್ತರರು ತಪ್ಪು ಒಪ್ಪಿಕೊಂಡು ಹಗುರಾದರು. ನಾನು ಯಾರ ಮುಂದೆ ಒಪ್ಪಿಕೊಳ್ಳಲಿ?